ಪ್ರತಿಕ್ರಿಯೆ: ಆ್ಯಪ್ ಲೆಕ್ಕ ತಪ್ಪಿಲ್ಲ, ಕವಚ ಬದಲಿಸಿ ನೋಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ಕಟ್ಟಿ ಆಡುವ ಆಟದ ಐದನೇ ಆವೃತ್ತಿಯಲ್ಲಿ ಡೆಕ್ಸ್ಟೆರಿಟಿ (ಚುರುಕುತನ) 18 ಇರುವ ಪಾತ್ರಕ್ಕೆ ಸ್ಕೇಲ್ ಮೇಲ್ ಎಂಬ ಕವಚ ತೊಡಿಸಿದ್ದೀರಿ. ನಿಮ್ಮ ಲೆಕ್ಕದಲ್ಲಿ ಆರ್ಮರ್ ಕ್ಲಾಸ್ (ಏಟಿನಿಂದ ಕಾಯುವ ರಕ್ಷಣೆಯ ಅಂಕ) 18, ಪಾತ್ರದ ವಿವರ ಇಡುವ ಆ್ಯಪ್ ತೋರಿಸುವುದು 16. ಬಗ್ ಇರಬಹುದಾ ಎಂದು ಕೇಳಿದ್ದೀರಿ. ಇಲ್ಲ, ಆ್ಯಪ್ ಹೇಳುತ್ತಿರುವುದೇ ಸರಿ.

ಸ್ಕೇಲ್ ಮೇಲ್ ಮಧ್ಯಮ ತೂಕದ ಕವಚ. ಅದರ ಮೂಲ ಅಂಕ 14. ಡೆಕ್ಸ್ಟೆರಿಟಿ 18 ಇರುವುದರಿಂದ ನಿಮಗೆ ಹೆಚ್ಚುವರಿ 4 ಸಿಗಬೇಕು ನಿಜ, ಆದರೆ ಈ ಬಗೆಯ ಕವಚದಲ್ಲಿ 2ಕ್ಕಿಂತ ಜಾಸ್ತಿ ಸೇರುವುದಿಲ್ಲ. ನಾನೂ ಮೊದಲ ಸಲ ಇದೇ ವಿಷಯಕ್ಕೆ ಆ್ಯಪ್‌ನ ಮೇಲೆ ಸುಮ್ನೆ ರೇಗಾಡಿದ್ದೆ!

ಸ್ಟಡೆಡ್ ಲೆದರ್ ಹಾಕಿ ನೋಡಿ. ಅದು ಹಗುರ ಕವಚ, ಹಾಗಾಗಿ ಮಿತಿ ಇಲ್ಲ. 12ಕ್ಕೆ 4 ಸೇರಿ ಅದೇ 16. ಸ್ಕೇಲ್ ಮೇಲ್ ತೊಟ್ಟು ಅಡಗಿ ನಡೆಯಲು ಹೋದರೆ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು) ಬೇರೆ. ಸ್ಟಡೆಡ್ ಲೆದರ್‌ಗೆ ಆ ಕಾಟವಿಲ್ಲ. ತೂಕ 45 ಪೌಂಡ್ ಎಲ್ಲಿ, 13 ಎಲ್ಲಿ!

18 ಬೇಕೇ ಬೇಕು ಎಂದರೆ ಗುರಾಣಿ ಹಿಡಿಸಿ, 2 ಸೇರುತ್ತದೆ. ನಿಮ್ಮ ಪಾತ್ರದ ಕ್ಲಾಸ್‌ಗೆ (ಯೋಧ, ಮಾಂತ್ರಿಕ ಮುಂತಾದ ವರ್ಗ) ಅದನ್ನು ಬಳಸಲು ಬರುತ್ತದಾ ನೋಡಿಕೊಳ್ಳಿ. ಇನ್ನೊಂದು, ಸಾಮಾನು ಪಟ್ಟಿಗೆ ಸೇರಿಸಿದರಷ್ಟೇ ಸಾಲದು. ‘ತೊಟ್ಟಿದ್ದೇನೆ’ ಎಂಬ ಗುರುತು ಹಾಕದಿದ್ದರೆ ಹೆಚ್ಚಿನ ಆ್ಯಪ್‌ಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.