ಲಂಡನ್‌ನಲ್ಲಿ ಒಬ್ಬರೇ ಒಂದು ದಿನ: ಸಂಪಾದಕರ ಉತ್ತರ

'ಜೂನ್‌ನಲ್ಲಿ ಲಂಡನ್‌ಗೆ, ಮಗನ ಮನೆಗೆ ಹೋಗುತ್ತಿದ್ದೇನೆ. ಒಂದು ಬುಧವಾರ ಅವನಿಗೆ ಆಫೀಸು. ಅವತ್ತು ಒಬ್ಬಳೇ ನಡೆದು ಊರು ನೋಡುವ ಆಸೆ. ನನ್ನ ಪಟ್ಟಿ ಸರಿಯಿದೆಯಾ?' – ಧಾರವಾಡದ ಓದುಗರೊಬ್ಬರು

ಮೇಡಂ, ಖಂಡಿತ ಹೋಗಿ. ಆದರೆ ನಿಮ್ಮ ಪಟ್ಟಿಯಲ್ಲಿ ಒಂಬತ್ತು ಜಾಗಗಳಿವೆ. ಅಷ್ಟಕ್ಕೂ ಹೊರಟರೆ ಸುರಂಗ ರೈಲಿಗೆ ಹತ್ತಿ ಇಳಿಯುವುದರಲ್ಲೇ ದಿನ ಮುಗಿಯುತ್ತದೆ. ಅದರ ಬದಲು ಥೇಮ್ಸ್ ನದಿಯ ದಕ್ಷಿಣ ದಡ ಹಿಡಿಯಿರಿ. ನದಿ ಎಡಗೈಗೆ ಇರುವವರೆಗೂ ದಾರಿ ತಪ್ಪುವುದಿಲ್ಲ.

ಲ್ಯಾಂಬೆತ್ ಸೇತುವೆ ಹತ್ತಿರದ ಬಸವಣ್ಣನವರ ಪ್ರತಿಮೆಯಿಂದ ಶುರು ಮಾಡಿ. 2015ರಲ್ಲಿ ಅನಾವರಣವಾದದ್ದು. ಮುಂದೆ ಹೋದರೆ, ಪಾರ್ಲಿಮೆಂಟಿನ ಎದುರು ದಡದಲ್ಲಿ, ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿನ ಗೋಡೆ. ಒಂದೊಂದು ಜೀವಕ್ಕೆ ಒಂದೊಂದು ಕೆಂಪು ಹೃದಯ, ಕೈಯಲ್ಲೇ ಬಿಡಿಸಿದ್ದು. ಎರಡು ಲಕ್ಷಕ್ಕೂ ಜಾಸ್ತಿ ಇವೆ. ಎಷ್ಟೋ ಹೃದಯಗಳೊಳಗೆ ಮನೆಯವರು ಹೆಸರು, ಎರಡು ಮಾತು ಬರೆದಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಇದಿಲ್ಲ. ನನ್ನ ಕೇಳಿದರೆ, ಉಳಿದದ್ದು ತಪ್ಪಿದರೂ ಪರವಾಗಿಲ್ಲ, ಇಲ್ಲಿ ಮಾತ್ರ ನಿಧಾನವಾಗಿ ನಡೆಯಿರಿ.

ಲಂಡನ್ ಐ ಅನ್ನುವ ದೊಡ್ಡ ತಿರುಗುಚಕ್ರದ ಹತ್ತಿರ ಸುಮ್ನೆ ನೂಕುನುಗ್ಗಲು. ಬ್ಯಾಗು ಮುಂದಕ್ಕೆ ಹಾಕಿಕೊಂಡು ದಾಟಿಬಿಡಿ. ಆಮೇಲೆ ಸಿಗುವ ರಾಯಲ್ ಫೆಸ್ಟಿವಲ್ ಹಾಲ್ ಅನ್ನುವ ಸಂಗೀತ ಸಭಾಂಗಣದಲ್ಲಿ ಕೂರಲು ಜಾಗವಿದೆ, ಶೌಚಾಲಯವೂ ಇದೆ. ನೀವು ಕೇಳಿಲ್ಲ, ಆದರೆ ಒಬ್ಬರೇ ಹೊರಟಾಗ ಮೊದಲ ಚಿಂತೆ ಅದೇ ಅಲ್ವಾ? ಪಕ್ಕದ ವಾಟರ್‌ಲೂ ಸೇತುವೆಯ ಅಡಿಯಲ್ಲಿ ಹಳೇ ಪುಸ್ತಕ ಮಾರುತ್ತಾರೆ. ಮಳೆ ಬಂದರೂ ಪುಸ್ತಕ ತಿರುವುತ್ತಾ ನಿಲ್ಲಬಹುದು.

ಹೀಗೇ ಮುಂದೆ ನಡೆದರೆ ಟೇಟ್ ಮಾಡರ್ನ್. ಅದು ಮೊದಲು ವಿದ್ಯುತ್ ಸ್ಥಾವರವಾಗಿತ್ತು. 2000ದಿಂದ ಕಲಾ ಮ್ಯೂಸಿಯಂ, ಪ್ರವೇಶ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ಟು. ಒಂದು ಮಹಡಿ ನೋಡಿದರೆ ಸಾಕು. ನದಿಯಲ್ಲಿ ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ಬರುತ್ತದೆ. ನೀರು ಇಳಿದಾಗ ಮ್ಯೂಸಿಯಂ ಮುಂದಿನ ದಡದಲ್ಲೇ ಕಲ್ಲು, ಹಳೇ ಹೆಂಚಿನ ಚೂರು ಕಾಣುತ್ತವೆ. ನೆನಪಿಗೆ ಅಂತ ಎತ್ತಿಕೊಳ್ಳಬೇಡಿ. ಅದಕ್ಕೆ ಪರವಾನಗಿ ಬೇಕು.

ಅಲ್ಲಿಂದ ಮಿಲೆನಿಯಂ ಸೇತುವೆ. 2000ದಲ್ಲಿ ತೆರೆದಾಗ ಜನ ನಡೆದರೆ ತೂಗಾಡುತ್ತಿತ್ತು. ಎರಡೇ ದಿನಕ್ಕೆ ಮುಚ್ಚಿ ರಿಪೇರಿ ಮಾಡಿದರು. ಈಗ ಧೈರ್ಯವಾಗಿ ದಾಟಿ. ಆಚೆಗೆ ಸೇಂಟ್ ಪಾಲ್ಸ್. 1666ರ ಬೆಂಕಿಯಲ್ಲಿ ಹಳೆಯದು ಹಾಳಾದ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿಸಿದ ಚರ್ಚು. ಸುತ್ತಿ ನೋಡಲು ಟಿಕೆಟ್ಟು ದುಬಾರಿ. ಆದರೆ ಸಂಜೆ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡಿಲ್ಲ. ಸಾಮಾನ್ಯವಾಗಿ 5ಕ್ಕೆ ಶುರು. ಅವತ್ತಿನ ಸಮಯ ಬೆಳಿಗ್ಗೆಯೇ ನೋಡಿಕೊಳ್ಳಿ. ಗಾಯಕರ ಹಾಡಿಗಾಗಿಯಾದರೂ ಹೋಗಿ. ಜೂನ್‌ನಲ್ಲಿ ರಾತ್ರಿ 9ರವರೆಗೂ ಬೆಳಕಿರುತ್ತದೆ, ವಾಪಸಾಗಲು ಅವಸರವಿಲ್ಲ.

ಪಟ್ಟಿಯಲ್ಲಿರುವ ಟಿಪ್ಪುವಿನ ಮರದ ಹುಲಿ ಬೊಂಬೆ ಈ ದಾರಿಯಲ್ಲಿಲ್ಲ. ಅದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಶುಕ್ರವಾರ ಆ ಮ್ಯೂಸಿಯಂ ರಾತ್ರಿ 10ರವರೆಗೆ ತೆರೆದಿರುತ್ತದೆ. ಆಫೀಸು ಮುಗಿಸಿ ಬಂದ ಮಗನನ್ನೂ ಕರೆದುಕೊಂಡು ಹೋಗಿ.