ರೋಲ್‌ಪ್ಲೇ ಆಟದಲ್ಲಿ ನನ್ನ ಡಾಕ್ಟರ್ ಪಾತ್ರ ನಿಜ ಅನ್ನಿಸಬೇಕಾದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಜಿಟಿಎ ರೋಲ್‌ಪ್ಲೇ ಸರ್ವರ್‌ನಲ್ಲಿ (ಆಟಗಾರರೆಲ್ಲ ಒಂದೊಂದು ಪಾತ್ರವಾಗಿ ಆಡುವ ಆನ್‌ಲೈನ್ ವಿಡಿಯೊ ಗೇಮ್) ಡಾಕ್ಟರ್ ಆಗಿದ್ದೀರಿ, ಗುಂಡು ಬಿದ್ದವರಿಗೆ ಬ್ಯಾಂಡೇಜ್ ಸುತ್ತಿ ಎಬ್ಬಿಸಿ ಕಳಿಸುವುದು ಬಿಟ್ಟು ಬೇರೇನೂ ತೋಚುತ್ತಿಲ್ಲ, ಮೆಡಿಕಲ್ ಪುಸ್ತಕ ಓದಬೇಕಾ ಅಂತ.

ಬೇಡ. ನಾನು ಹಾಸನದಲ್ಲಿ ಕ್ಯಾಶುವಾಲ್ಟಿಯಲ್ಲಿ ಸ್ಟಾಫ್ ನರ್ಸ್, ಅದಕ್ಕೂ ಮೊದಲು ಸಕಲೇಶಪುರದ ಕಡೆ ಇದ್ದೆ. ಗಂಡಸು ನರ್ಸ್‌ಗೆ ಆಸ್ಪತ್ರೆಯಲ್ಲಿ ‘ಬ್ರದರ್’ ಅನ್ನುತ್ತಾರೆ, ಆದರೆ ಹಳ್ಳಿಯ ಅಜ್ಜಂದಿರಿಗೆ ನಾನೂ ‘ಡಾಕ್ಟ್ರೇ’. ನೈಟ್ ಡ್ಯೂಟಿ ಇಲ್ಲದ ದಿನ ತಮ್ಮನ ಜೊತೆ ಇಂಥದ್ದೇ ಸರ್ವರ್‌ನಲ್ಲಿ ಆಂಬುಲೆನ್ಸ್ ಓಡಿಸುತ್ತೇನೆ. ಎರಡೂ ಕಡೆ ನೋಡಿ ಹೇಳುತ್ತಿದ್ದೇನೆ, ಆಟದ ಡಾಕ್ಟರುಗಳಿಗೆ ಕಾಯಿಲೆಗಳ ಹೆಸರು ಬೇಕಾದಷ್ಟು ಗೊತ್ತು. ಅವರು ಏನನ್ನೂ ಕೇಳುವುದಿಲ್ಲ, ಯಾವುದಕ್ಕೂ ಕಾಯುವುದಿಲ್ಲ. ಅಲ್ಲೇ ಸುಳ್ಳು ಅನ್ನಿಸುವುದು.

ಹಾವು ಕಡಿತದ ಕೇಸ್ ತಗೊಳ್ಳಿ. ತೋಟದ ಕಡೆಯಿಂದ ಜೀಪ್ ಬರುತ್ತದೆ. ಕಾಲಿಗೆ ಟವೆಲ್ ಬಿಗಿದು ಕಟ್ಟಿರುತ್ತಾರೆ, ಕಚ್ಚಿದ ಜಾಗಕ್ಕೆ ಯಾವುದೋ ಸೊಪ್ಪಿನ ರಸ ಹಿಂಡಿರುತ್ತಾರೆ. ಜೊತೆಗೆ ಬಂದ ನಾಲ್ಕು ಜನವೂ ಒಟ್ಟಿಗೆ ಮಾತಾಡುತ್ತಾರೆ. ಒಬ್ಬ ಸತ್ತ ಹಾವಿನ ಫೋಟೊ ಮುಖಕ್ಕೇ ಹಿಡಿಯುತ್ತಾನೆ. ನಾವು ಕೇಳುವುದು ಇಷ್ಟೇ: ಎಷ್ಟು ಹೊತ್ತಿಗೆ ಕಚ್ಚಿತು? ವಸಡಲ್ಲಿ ರಕ್ತ ಬರ್ತಿದೆಯಾ? ಕಣ್ಣು ಬಿಡೋಕೆ ಭಾರ ಆಗ್ತಿದೆಯಾ? ಎಂಜಲು ನುಂಗಿ ನೋಡೋಣ. ನಾಗರಹಾವು, ಕಟ್ಟುಹಾವಾದರೆ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಾಟಕ್ಕೇ ಕಷ್ಟ. ಕೊಳಕುಮಂಡಲವಾದರೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ.

ಹೆಪ್ಪುಗಟ್ಟುತ್ತಾ ಇಲ್ವಾ ಅಂತ ನೋಡಲು ದೊಡ್ಡ ಮಷೀನ್ ಏನೂ ಬೇಕಿಲ್ಲ. ಒಂದು ಒಣಗಿದ, ಚೊಕ್ಕ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ ನಿಲ್ಲಿಸಿ 20 ನಿಮಿಷ ಬಿಡುತ್ತೇವೆ. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ. ಮುಟ್ಟುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ. 20 ನಿಮಿಷ ಆದ ಮೇಲೆ ಒಂದೇ ಸಲ ಓರೆ ಮಾಡುತ್ತೇವೆ. ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಪರವಾಗಿಲ್ಲ, ಆದರೂ ಮತ್ತೆ ಮತ್ತೆ ನೋಡುತ್ತಲೇ ಇರುತ್ತೇವೆ. ನೀರಿನ ಹಾಗೆ ಹರಿದರೆ ಆಂಟಿವೆನಮ್, ಅಂದರೆ ಹಾವಿನ ವಿಷ ಇಳಿಸುವ ಔಷಧಿ, ಸಾಮಾನ್ಯವಾಗಿ 10 ವಯಲ್‌ನಿಂದ (ಸಣ್ಣ ಸೀಸೆ) ಶುರು. ರೆಪ್ಪೆ ಆಗಲೇ ಜೋತುಬಿದ್ದಿದ್ದರೆ ಮಾತ್ರ ಟ್ಯೂಬಿಗೆ ಕಾಯುವ ಪ್ರಶ್ನೆಯೇ ಇಲ್ಲ.

ನಿಮಗೆ ಬೇಕಾದ ಪಾತ್ರ ಆ 20 ನಿಮಿಷದಲ್ಲಿದೆ. ಹೆಂಡತಿ ಗೋಡೆ ಗಡಿಯಾರ ನೋಡುತ್ತಾ ಕೂತಿರುತ್ತಾಳೆ. ಮೈದುನ ಜಗಳಕ್ಕೇ ಬರುತ್ತಾನೆ: ‘ಏನ್ ಸಾರ್, ಸುಮ್ನೆ ನಿಂತಿದ್ದೀರಲ್ಲ, ಇಂಜೆಕ್ಷನ್ ಹಾಕಿ!’ ಸುಮ್ನೆ ಹಾಕಲು ಆಗುವುದಿಲ್ಲ ಅಂತ ಅವನಿಗೆ ಹೇಗೆ ಹೇಳುತ್ತೀರಿ? ಆ ಔಷಧಿಯೇ ಕೆಲವರಿಗೆ ಒಗ್ಗುವುದಿಲ್ಲ. ಮೈಯೆಲ್ಲ ತುರಿಕೆ, ನಡುಕ, ಬಿಪಿ ಕುಸಿಯುತ್ತದೆ. ಅದಕ್ಕೇ ಆ ರಿಯಾಕ್ಷನ್ ತಡೆಯುವ ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿಟ್ಟುಕೊಂಡೇ ಡ್ರಿಪ್ ಶುರು ಮಾಡುವುದು. ಸಾಲದ್ದಕ್ಕೆ, ನಮ್ಮಲ್ಲಿ ಸಿಗುವ ಆಂಟಿವೆನಮ್ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಲೆನಾಡಿನ ಕಾಫಿ ತೋಟದಲ್ಲಿ ಕಾಣುವ ಗುಳಿಮಂಡಲ ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ನಮ್ಮ ಕಡೆಯ ಡಾಕ್ಟರ್ ಪಾತ್ರ ಮಾಡುವವರು ಫೋಟೊ ತೋರಿಸಿದವನನ್ನು ಗದರಿ ಆಚೆ ಕಳಿಸಬಾರದು. ಆಟದಲ್ಲಿ 20 ನಿಮಿಷ ಜಾಸ್ತಿ ಆಯ್ತು ಅನ್ನಿಸಿದರೆ ಐದಕ್ಕೆ ಇಳಿಸಿ, ಆದರೆ ಸೊನ್ನೆ ಮಾಡಬೇಡಿ.

ಈಗ ಆಟದ ಚಾಟ್‌ನಲ್ಲಿ ಟೈಪ್ ಮಾಡುವ ಕಮಾಂಡ್ ವಿಷಯ. ‘/ಮಿ’ ಅಂದರೆ ನೀವು ಮಾಡುವ ಕೆಲಸ, ‘/ಡು’ ಅಂದರೆ ಅಲ್ಲಿ ಏನು ಕಾಣುತ್ತದೆ ಅನ್ನುವುದು, ಅಷ್ಟು ನಿಮಗೆ ಗೊತ್ತೇ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ: ‘/ಮಿ ಗಾಯ ನೋಡಿದಾಗ ಶ್ವಾಸಕೋಶ ತೂತಾಗಿರುವುದು ಗೊತ್ತಾಗುತ್ತದೆ.’ ನಿಮಗೆ ಹೇಗೆ ಗೊತ್ತಾಯ್ತು? ಆ ದೇಹ ಇನ್ನೊಬ್ಬ ಆಟಗಾರನದ್ದು, ಅಲ್ವಾ? ನಾನು ಹೀಗೆ ಟೈಪ್ ಮಾಡುತ್ತೇನೆ: ‘/ಮಿ ಹೆಗಲು ತಟ್ಟಿ ಹೆಸರು ಹಿಡಿದು ಕರೆಯುತ್ತಾನೆ. /ಡು ಕಣ್ಣು ಬಿಡುತ್ತಾರಾ?’ ಉತ್ತರ ಅವನು ಕೊಡಲಿ. ನಿಜವಾದ ವಾರ್ಡಿನಲ್ಲೂ ಪ್ರಜ್ಞೆ ಅಳೆಯುವುದು ಹೀಗೇ, ಆ ಅಳತೆಗೆ ಜಿಸಿಎಸ್ ಅನ್ನುತ್ತೇವೆ. ಕಣ್ಣು ಬಿಡುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಏನೂ ಇಲ್ಲದವನಿಗೂ 3 ಸಿಗುತ್ತದೆ. ಆಟದಲ್ಲಿ ‘ಜಿಸಿಎಸ್ 0’ ಅಂತ ಹೇಳುವವರನ್ನು ನೋಡಿದರೆ ನನಗೆ ನಗು ತಡೆಯುವುದಿಲ್ಲ.

ಪೇಷೆಂಟ್ ಪಾತ್ರ ಮಾಡುವ ಗೆಳೆಯನಿಗೂ ಒಂದು ಮಾತು ಹೇಳಿಡಿ. ಪೇಷೆಂಟ್‌ಗಳು ಕಾಯಿಲೆಯ ಹೆಸರು ಹೇಳಿಕೊಂಡು ಬರುವುದಿಲ್ಲ. ಒಮ್ಮೆ ಒಬ್ಬ ಯಜಮಾನರು ತಾವೇ ಸ್ಕೂಟರ್ ಓಡಿಸಿಕೊಂಡು ಬಂದರು. ‘ಏನಿಲ್ಲ ಡಾಕ್ಟ್ರೇ, ಗ್ಯಾಸ್ಟ್ರಿಕ್ಕು. ಒಂದು ಇಂಜೆಕ್ಷನ್ ಹಾಕಿ, ಸಂತೆಗೆ ಹೋಗ್ಬೇಕು.’ ಚಳಿಗಾಲದ ಬೆಳಗ್ಗೆ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಮಾತಾಡುತ್ತಲೇ ಎಡಗೈ ಉಜ್ಜಿಕೊಳ್ಳುತ್ತಿದ್ದರು. ಇಸಿಜಿ ಹಾಳೆ ಹೊರಗೆ ಬರುವಷ್ಟರಲ್ಲಿ ಡ್ಯೂಟಿ ಡಾಕ್ಟರ್ ಆಸ್ಪಿರಿನ್ ಅಗಿಯಲು ಕೊಟ್ಟಿದ್ದರು. ಯಜಮಾನರಿಗೆ ಆಗಲೂ ಸ್ಕೂಟರ್ ಬಿಸಿಲಲ್ಲಿ ನಿಂತಿದೆ ಅನ್ನುವುದೇ ಚಿಂತೆ. ಇಂಥ ಒಬ್ಬ ಪೇಷೆಂಟ್ ಆಗಿ ನಿಮ್ಮ ಗೆಳೆಯ ಬಂದರೆ, ಡಾಕ್ಟರ್ ಪಾತ್ರ ತಾನಾಗಿಯೇ ಎದ್ದು ನಿಲ್ಲುತ್ತದೆ.

ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತುವುದರ ಬಗ್ಗೆ ಚಿಕ್ಕದಾಗಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎದೆ 5 ಸೆಂ.ಮೀ. ಆದರೂ ತಗ್ಗಬೇಕು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ಯಾಕಂದ್ರೆ ಅಷ್ಟರಲ್ಲಿ ಸುಸ್ತಾಗಿ ಒತ್ತುವ ಜೋರು ಇಳಿದಿರುತ್ತದೆ. ಪಕ್ಕೆಲುಬು ಲಟಕ್ ಅಂದರೂ ನಿಲ್ಲಿಸುವುದಿಲ್ಲ. ಮಾನಿಟರ್ ಗೆರೆ ಪೂರ್ತಿ ಚಪ್ಪಟೆಯಾದಾಗ ಶಾಕ್ ಕೊಡಬೇಡಿ, ಅದು ಸಿನಿಮಾದವರ ಚಾಳಿ. ಆಗ ಇರುವುದು ಒತ್ತುವುದು ಮತ್ತು ಅಡ್ರಿನಲಿನ್.

ಒಬ್ಬನೇ ಎಲ್ಲ ಮಾಡುವುದನ್ನೂ ಬಿಡಿ. 2008ರಿಂದ ನಮ್ಮಲ್ಲಿ ಓಡುತ್ತಿರುವ 108ರಲ್ಲೂ ಇಬ್ಬರಿರುತ್ತಾರೆ, ಓಡಿಸುವವನನ್ನು ‘ಪೈಲಟ್’ ಅನ್ನುತ್ತಾರೆ, ಹಿಂದೆ ಇಎಂಟಿ, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವನು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಆ ದಾರಿಯುದ್ದಕ್ಕೂ ಇಎಂಟಿ ಬಿಪಿ ಬರೆದುಕೊಳ್ಳುತ್ತಾ ಬರುತ್ತಾನೆ. ಬಂದ ಕೂಡಲೇ ನಮಗೆ ಒಪ್ಪಿಸುವ ಮಾತು ನಾಲ್ಕೇ: ಏನಾಯ್ತು, ಎಷ್ಟು ಹೊತ್ತಾಯ್ತು, ಈಗ ಹೇಗಿದ್ದಾನೆ, ಏನು ಕೊಟ್ಟೆ. ನಿಮ್ಮ ಸರ್ವರ್‌ನಲ್ಲಿ ದಿನಕ್ಕೆ ಎಷ್ಟೋ ಜನಕ್ಕೆ ಗುಂಡು ಬೀಳುತ್ತದಲ್ಲ, ಅವೆಲ್ಲ ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸ್. ಪೊಲೀಸಿಗೆ ತಿಳಿಸಲೇಬೇಕು. ಹಾಗಂತ ಪೊಲೀಸ್ ಬರುವವರೆಗೆ ಮುಟ್ಟದೆ ಇರುವ ಹಾಗಿಲ್ಲ, ಮೊದಲು ಚಿಕಿತ್ಸೆ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗುಂಡು ತಿಂದವನು ‘ಪೊಲೀಸ್ ಬೇಡ ಅಣ್ಣ’ ಅಂತ ಕೈ ಹಿಡಿದುಕೊಂಡರೆ ನಿಮ್ಮ ಡಾಕ್ಟರ್ ಏನು ಮಾಡುತ್ತಾನೆ? ಅದೊಂದೇ ಇಟ್ಟುಕೊಂಡು ಅರ್ಧ ಗಂಟೆ ಆಡಬಹುದು.

ಹೋದ ವಾರ ನಾನೇ ಹಾವಿನ ಕೇಸ್ ಆಡಿದೆ. ಪೇಷೆಂಟ್ ಆಗಿದ್ದವನು ಮೂಡಿಗೆರೆ ಕಡೆ ಹುಡುಗ, ಪರಿಚಯ ಇಲ್ಲ. ಐದು ನಿಮಿಷ ಕಾಯಿಸಿದೆ. ನನ್ನ ತಮ್ಮ ಮೈದುನನ ಪಾತ್ರದಲ್ಲಿ ನನ್ನನ್ನು ಬಾಯಿಗೆ ಬಂದ ಹಾಗೆ ಬೈದ. ಕೊನೆಗೆ ಟೈಪ್ ಮಾಡಿದೆ: ‘/ಮಿ ಟ್ಯೂಬ್ ಓರೆ ಮಾಡುತ್ತಾನೆ. /ಡು ರಕ್ತ ಹೇಗಿದೆ?’ ಸುಮಾರು ಹೊತ್ತು ಉತ್ತರ ಇಲ್ಲ. ಆಮೇಲೆ ಬಂತು: ‘/ಡು ಅರ್ಧ ಗಟ್ಟಿ, ಅಂಚಲ್ಲಿ ಸ್ವಲ್ಪ ಹರೀತಿದೆ.’

ಕಳ್ಳ ನನ್ನ ಮಗ. ನಿಜವಾದ ಟ್ಯೂಬೂ ಒಮ್ಮೊಮ್ಮೆ ಹೀಗೇ ಸತಾಯಿಸುತ್ತದೆ. ಇನ್ನೊಂದು ಟ್ಯೂಬ್ ತಗೊಂಡು ರಕ್ತ ಹಾಕಿ ಮತ್ತೆ ಕಾಯುತ್ತಾ ಕೂತೆ. ತಮ್ಮ ಮತ್ತೆ ಬೈಯಲು ಶುರು ಮಾಡಿದ.