ಸಹಿ ಹಾಕುವವರು ಓದಿರಬೇಕು

ಓದುಗರ ಪತ್ರ: ಕಲ್ಯಾಣ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ಎರಡು ವರ್ಷಗಳಿಂದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹೆಣ್ಣುಮಗಳೊಬ್ಬರ ಪಾಲು ದಾವೆಯಲ್ಲಿ ಲಿಖಿತ ವಾದವನ್ನು ಚಾಟ್‌ಜಿಪಿಟಿಯ ನೆರವಿನಿಂದ ಇಂಗ್ಲಿಷಿನಲ್ಲಿ ಸಿದ್ಧಪಡಿಸಿದೆ. ಅದು ಕೊಟ್ಟ ಮೂರು ತೀರ್ಪುಗಳಲ್ಲಿ ಒಂದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸೀನಿಯರ್‌ಗೆ ತಿಳಿಸಿದೆ. ‘ಎದುರು ಪಕ್ಷದವರು ಓದುವುದಿಲ್ಲ, ಸಾಹೇಬರಿಗೆ ಸಮಯವಿಲ್ಲ, ಇರಲಿ ಬಿಡಮ್ಮ’ ಎಂದು ಸಹಿ ಹಾಕಿ ಸಲ್ಲಿಸಿಬಿಟ್ಟರು. ಮುಂದಿನ ತಿಂಗಳು ಪ್ರಕರಣವನ್ನು ವಾದಕ್ಕೆ ಇಟ್ಟಿದ್ದಾರೆ. ಯಂತ್ರವನ್ನು ಬಳಸಿದ್ದೇ ತಪ್ಪೇ? ಈಗ ನಾನೇನು ಮಾಡಲಿ? ಹೆಸರು, ಊರು ಪ್ರಕಟಿಸಬೇಡಿ.

ಸಂಪಾದಕರ ಉತ್ತರ:

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಗಡುವು ಇದೆ. ಆ ತೀರ್ಪಿನ ಉಲ್ಲೇಖವನ್ನು ವಾದದ ದಿನಕ್ಕೆ ಮೊದಲೇ ಹಿಂದಕ್ಕೆ ಪಡೆಯಿರಿ. ಎದುರು ಪಕ್ಷದವರು ಪತ್ತೆ ಹಚ್ಚುವವರೆಗೆ ಕಾಯಬೇಡಿ.

ನಾನು ವಕೀಲನಲ್ಲ. ಆದ್ದರಿಂದ ನಿಮ್ಮ ಪತ್ರದಿಂದ ಊರು, ಹೆಸರು, ಊಹೆಗೆ ಸಿಗಬಹುದಾದ ವಿವರಗಳನ್ನೆಲ್ಲ ತೆಗೆದು, ಜಿಲ್ಲಾ ನ್ಯಾಯಾಧೀಶರಾಗಿ ನಿವೃತ್ತರಾದ ನನ್ನ ಪರಿಚಯದ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ವಕಾಲತ್ತಿನಲ್ಲಿ ಆ ಹುಡುಗಿಯ ಹೆಸರೂ ಇದೆಯೇ?’ ಸಾಮಾನ್ಯವಾಗಿ ಜೂನಿಯರ್ ಹೆಸರೂ ಇರುತ್ತದೆ. ಇದ್ದರೆ ಈ ಹೊಣೆ ಸೀನಿಯರ್ ಒಬ್ಬರದೇ ಅಲ್ಲ, ನಿಮ್ಮದೂ ಹೌದು. ನಿಮ್ಮದೂ ಹೌದು ಎಂದಾದಾಗ ಅದನ್ನು ಸರಿಪಡಿಸುವ ಹಕ್ಕೂ ನಿಮಗೆ ಬರುತ್ತದೆ.

ನ್ಯೂಯಾರ್ಕಿನ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದು ನಿಮ್ಮ ಕಥೆಗೆ ಬಹಳ ಹತ್ತಿರದ್ದು. 2019ರಲ್ಲಿ ಏವಿಯಾಂಕಾ ವಿಮಾನದಲ್ಲಿ ಊಟದ ಗಾಡಿ ಬಡಿದು ಮೊಣಕಾಲಿಗೆ ಪೆಟ್ಟಾಯಿತೆಂದು ಪ್ರಯಾಣಿಕರೊಬ್ಬರು ಪರಿಹಾರಕ್ಕೆ ದಾವೆ ಹೂಡಿದ್ದರು. 2023ರ ಮಾರ್ಚ್‌ನಲ್ಲಿ ಅವರ ವಕೀಲರು ಸಲ್ಲಿಸಿದ ಲಿಖಿತ ವಾದದಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ ಆರು ತೀರ್ಪುಗಳಿದ್ದವು. ಆರೂ ಸುಳ್ಳು. ಹುಡುಕಾಟ ನಡೆಸಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು. ಸಹಿ ಹಾಕಿದವರು ಅವುಗಳಲ್ಲಿ ಒಂದನ್ನೂ ತೆರೆದು ಓದಿರಲಿಲ್ಲ. ಅನುಮಾನ ಬಂದಾಗ ಮೊದಲನೆಯವರು ಯಂತ್ರವನ್ನೇ ‘ಇದು ನಿಜವಾದ ತೀರ್ಪೇ’ ಎಂದು ಕೇಳಿದರು. ಅದು ಹೌದು ಎಂದಿತು.

ಮಾರ್ಚ್ 15ರಂದೇ ವಿಮಾನ ಕಂಪನಿಯ ವಕೀಲರು ಈ ತೀರ್ಪುಗಳು ಎಲ್ಲಿಯೂ ಸಿಗುತ್ತಿಲ್ಲ ಎಂದು ಬರೆದು ಕೊಟ್ಟಿದ್ದರು. ಆಗಲೂ ಇವರು ಒಪ್ಪಿಕೊಳ್ಳಲಿಲ್ಲ. ಪ್ರತಿಗಳನ್ನು ಹಾಜರುಪಡಿಸಿ ಎಂದು ನ್ಯಾಯಾಲಯ ಹೇಳಿದಾಗ ಯಂತ್ರದಿಂದಲೇ ತೀರ್ಪಿನ ಪಠ್ಯವನ್ನೂ ಬರೆಯಿಸಿ ಕೊಟ್ಟರು. ಜೂನ್ 22ರಂದು ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರು ಆ ಇಬ್ಬರಿಗೂ ಅವರ ಸಂಸ್ಥೆಗೂ ಸೇರಿಸಿ 5,000 ಡಾಲರ್ ದಂಡ ವಿಧಿಸಿದರು. ಯಾವ ಯಾವ ನ್ಯಾಯಾಧೀಶರ ಹೆಸರಿನಲ್ಲಿ ಸುಳ್ಳು ತೀರ್ಪು ಹುಟ್ಟಿತ್ತೋ ಅವರಿಗೂ, ಸ್ವಂತ ಕಕ್ಷಿದಾರರಿಗೂ ಪತ್ರ ಬರೆದು ತಿಳಿಸಬೇಕೆಂದು ಆದೇಶಿಸಿದರು. ಅದೇ ಆದೇಶದಲ್ಲಿ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರವಿದೆ. ನಂಬಲರ್ಹವಾದ ಎಐ ಉಪಕರಣದ ನೆರವು ಪಡೆಯುವುದರಲ್ಲಿ ತನ್ನಷ್ಟಕ್ಕೆ ಅನುಚಿತವಾದದ್ದೇನೂ ಇಲ್ಲ ಎಂದು ಅವರು ಬರೆದರು. ಮಾರ್ಚ್‌ನಲ್ಲಿ ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಒಪ್ಪಿಕೊಂಡಿದ್ದರೆ ಪ್ರಕರಣದ ಸ್ವರೂಪವೇ ಬೇರೆಯಾಗಿರುತ್ತಿತ್ತು ಎಂದೂ ಬರೆದರು. ನೀವು ಈಗ ನಿಂತಿರುವುದು ಆ ಮಾರ್ಚ್ ತಿಂಗಳಿನಲ್ಲಿ. ಯಾರೂ ಇನ್ನೂ ಆಕ್ಷೇಪಿಸಿಲ್ಲವಾದ್ದರಿಂದ ಅವರಿಗಿಂತ ಒಂದು ಹೆಜ್ಜೆ ಮುಂಚೆಯೇ ಇದ್ದೀರಿ.

ಇದೆಲ್ಲ ದೂರದ ಅಮೆರಿಕದ ಮಾತು ಎಂದು ನಿಮ್ಮ ಸೀನಿಯರ್ ಹೇಳಿದರೆ, 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಹೊರಡಿಸಿದ ಆದೇಶವೊಂದನ್ನು ನೆನಪಿಸಿ. ಅದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದವು. ಕೆಲವೇ ದಿನಗಳಲ್ಲಿ ನ್ಯಾಯಮಂಡಳಿ ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿದ್ದ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದನ್ನು ಗಮನಿಸಿ, ವಿಷಯವನ್ನು ಮುಂದಿನ ಕ್ರಮಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಹೇಳಿತು. ‘ಸಾಹೇಬರಿಗೆ ಸಮಯವಿಲ್ಲ’ ಎಂಬ ಮಾತು ನನ್ನನ್ನು ಹೆದರಿಸುವುದು ಇದೇ ಕಾರಣಕ್ಕೆ. ಸಮಯವಿಲ್ಲದ ನ್ಯಾಯಾಧೀಶರು ನಿಮ್ಮ ಉಲ್ಲೇಖವನ್ನು ನಂಬಿ ತೀರ್ಪಿನಲ್ಲಿ ಬರೆದುಬಿಟ್ಟರೆ, ಮೇಲ್ಮನವಿಯಲ್ಲಿ ಆ ಹೆಣ್ಣುಮಗಳು ಗೆದ್ದ ಪಾಲೇ ಅಲುಗಾಡುತ್ತದೆ. ಇಷ್ಟು ವರ್ಷ ಕೋರ್ಟಿಗೆ ಅಲೆದವರು ಮತ್ತೆ ಮೊದಲಿನಿಂದ ಅಲೆಯಬೇಕಾದೀತು.

ಇನ್ನು ಯಂತ್ರದ ವಿಷಯ. ಚಾಟ್‌ಬಾಟ್ ತಾನಾಗಿ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ನೋಡುವ ಗುಮಾಸ್ತನಲ್ಲ. ಒಂದು ಪದದ ನಂತರ ಯಾವ ಪದ ಬರುವುದು ಸಹಜ ಎಂಬ ಲೆಕ್ಕದಲ್ಲಿ ವಾಕ್ಯ ಕಟ್ಟುತ್ತದೆ. ತೀರ್ಪಿನ ಉಲ್ಲೇಖಕ್ಕೆ ಗೊತ್ತಾದ ಅಚ್ಚಿದೆ: ಎರಡು ಹೆಸರು, ನಡುವೆ ‘ವಿರುದ್ಧ’, ವರ್ಷ, ಐಎಲ್‌ಆರ್ ಕರ್ನಾಟಕದಂಥ ತೀರ್ಪು ಸಂಗ್ರಹದ ಹೆಸರು, ಪುಟಸಂಖ್ಯೆ. ಆ ಅಚ್ಚಿಗೆ ಏನು ಸುರಿದರೂ ಅಸಲಿಯಂತೆಯೇ ಕಾಣುತ್ತದೆ. ಅಂತರಜಾಲದಲ್ಲಿ ಹುಡುಕಿ ಕೊಡುವ ಉಪಕರಣಗಳೂ, ವಕೀಲರಿಗಾಗಿಯೇ ಮಾರುವ ದುಬಾರಿ ಉಪಕರಣಗಳೂ ತಪ್ಪುತ್ತವೆ.

ಆದರೆ ಇಲ್ಲದ ತೀರ್ಪಿಗಿಂತ ನನಗೆ ಹೆಚ್ಚು ಕಳವಳ ತರುವುದು ಇರುವ ತೀರ್ಪು. ನಿಮ್ಮ ದಾವೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಬಂದ ತೀರ್ಪು, 2005ರ ಸೆಪ್ಟೆಂಬರ್ 9ರಂದು ತಂದೆ ಜೀವಂತ ಇದ್ದರೆ ಮಾತ್ರ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆ ದಿನ ಜಾರಿಗೆ ಬಂದ, ಮಗಳಿಗೂ ಮಗನಷ್ಟೇ ಪಾಲು ಕೊಡುವ ತಿದ್ದುಪಡಿಯ ಲಾಭ ಎಂದಿತ್ತು. ತೀರ್ಪು ಅಸಲಿ, ಹುಡುಕಿದರೆ ಸಿಗುತ್ತದೆ, ಪುಟಸಂಖ್ಯೆಯೂ ಸರಿ. ಆದರೆ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಯಂತ್ರ ಹಳೆಯದನ್ನು ಎತ್ತಿಕೊಟ್ಟು, ನೀವು ‘ತೀರ್ಪು ಸಿಕ್ಕಿತಲ್ಲ’ ಎಂದು ಸಮಾಧಾನಪಟ್ಟರೆ, ನಿಮ್ಮ ಕಕ್ಷಿದಾರರ ವಿರುದ್ಧ ನೀವೇ ವಾದಿಸಿದಂತೆ. ಆದ್ದರಿಂದ ಸಿಕ್ಕ ಎರಡು ತೀರ್ಪುಗಳನ್ನೂ ಈ ವಾರವೇ ಮೊದಲಿನಿಂದ ಕೊನೆಯವರೆಗೆ ಓದಿ. ಸುಪ್ರೀಂ ಕೋರ್ಟಿನ ಆನ್‌ಲೈನ್ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಅದರ ತೀರ್ಪುಗಳು ಉಚಿತವಾಗಿ ಸಿಗುತ್ತವೆ. ನಮ್ಮ ಹೈಕೋರ್ಟಿನ ಈಚಿನ ತೀರ್ಪುಗಳಿಗೆ ನ್ಯಾಯಾಲಯವೇ ಕೊಡುವ ತಟಸ್ಥ ಉಲ್ಲೇಖ ಸಂಖ್ಯೆ ಇರುತ್ತದೆ.

ಹೆಡ್‌ನೋಟ್, ಅಂದರೆ ತೀರ್ಪಿನ ತಲೆಯಲ್ಲಿ ಅಚ್ಚಾಗುವ ಸಾರಾಂಶ, ಅಷ್ಟನ್ನೇ ಓದಿ ತೀರ್ಪು ಉಲ್ಲೇಖಿಸುವ ಚಾಳಿ ಎಐಗಿಂತ ಬಹಳ ಹಳೆಯದು, ನಿಮ್ಮ ಸೀನಿಯರ್ ಅದೇ ಕಾಲದಿಂದ ಬಂದಿರಬಹುದು. ಅವರನ್ನು ದುಷ್ಟರೆಂದು ನಾನು ಭಾವಿಸುವುದಿಲ್ಲ. ಆಗ ಹೆಡ್‌ನೋಟಿನ ಹಿಂದೆ ಒಂದು ಪುಸ್ತಕವಾದರೂ ಇರುತ್ತಿತ್ತು, ಈಗ ಅದೂ ಇಲ್ಲ ಎಂಬುದನ್ನು ಅವರು ತಿಳಿದುಕೊಳ್ಳಬೇಕಷ್ಟೆ. ಅವರ ಮುಂದೆ ಕುಳಿತು, ಯಾರೂ ಇಲ್ಲದ ಹೊತ್ತಿನಲ್ಲಿ, ಉಲ್ಲೇಖವನ್ನು ಹಿಂದಕ್ಕೆ ಪಡೆಯುತ್ತೇವೆಂದು ನ್ಯಾಯಾಲಯಕ್ಕೆ ಸಲ್ಲಿಸುವ ಮೆಮೊದ ಕರಡನ್ನು ಕೈಗಿಡಿ. ಗೊತ್ತಿದ್ದೂ ಸುಮ್ಮನಿರುವುದು 1961ರ ವಕೀಲರ ಕಾಯ್ದೆಯ 35ನೆಯ ಕಲಂ ಹೇಳುವ ದುರ್ನಡತೆಯವರೆಗೂ ಹೋಗಬಹುದು ಎಂದು ಮರ್ಯಾದೆಯಿಂದಲೇ ಹೇಳಿ. ಒಪ್ಪದಿದ್ದರೆ, ವಕಾಲತ್ತಿನಲ್ಲಿ ಹೆಸರಿರುವ ವಕೀಲರಾಗಿ ನೀವೇ ಸಲ್ಲಿಸಿ. ಆ ಕಚೇರಿಯಲ್ಲಿ ನಿಮ್ಮ ಜಾಗ ಹೋದೀತು, ಅದನ್ನು ಬಲ್ಲೆ. ಎರಡು ವರ್ಷದ ವಕೀಲರಿಗೆ ಇದು ಸಣ್ಣ ಬೆಲೆಯಲ್ಲ. ಆದರೂ ಇದನ್ನೇ ಹೇಳುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷಿಗಾಗಿ ಯಂತ್ರದ ಮೊರೆ ಹೋದೆ ಎಂದು ಸಂಕೋಚದಿಂದ ಬರೆದಿದ್ದೀರಿ. ಭಾಷೆ ತಿದ್ದಿಸಿಕೊಂಡಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ನಮ್ಮ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ವಾದ ಬರೆದುಕೊಡಲು ಅಡ್ಡಿಯಿಲ್ಲವಲ್ಲ! ಕನ್ನಡದಲ್ಲಿ ಬರೆದಿದ್ದರೆ ಪ್ರತಿ ವಾಕ್ಯವೂ ನಿಮ್ಮ ಹಿಡಿತದಲ್ಲಿ ಇರುತ್ತಿತ್ತು. ಪಹಣಿ, ಗುಂಟೆ, ಖರಾಬು, ವಾಟ್ನಿ ಪತ್ರ ಎಂಬ ಮಾತುಗಳು ಇಂಗ್ಲಿಷಿಗೆ ಹೋಗಿ ಬರುವಾಗ ಕೆಡುವುದೂ ತಪ್ಪುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಪರವಾಗಿ ಏನು ಬರೆದಿದ್ದಾರೆಂದು ಆ ಹೆಣ್ಣುಮಗಳು ತಾವೇ ಓದಿ ನೋಡಬಹುದಿತ್ತು.

ನೀವು ಕೇಳದ ಒಂದು ಪ್ರಶ್ನೆಯಿದೆ. ಯಂತ್ರಕ್ಕೆ ಏನೇನು ಹೇಳಿದಿರಿ? ಅಣ್ಣತಮ್ಮಂದಿರ ಹೆಸರು, ಸರ್ವೆ ನಂಬರು, ಮನೆಯ ಜಗಳ? ಕಕ್ಷಿದಾರರು ವಕೀಲರಲ್ಲಿ ಹೇಳಿಕೊಂಡ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಂ ರಕ್ಷಣೆ ಕೊಡುತ್ತದೆ. ಅವರ ಒಪ್ಪಿಗೆಯಿಲ್ಲದೆ ಅದನ್ನು ಹೊರಗೆ ಹೇಳುವಂತಿಲ್ಲ. ಯಾವುದೋ ಕಂಪನಿಯ ಸರ್ವರ್ ಕೂಡ ಹೊರಗಿನದೇ ಎಂದೇ ನನ್ನ ಅಭಿಪ್ರಾಯ. 2025ರ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ರೂಪಿಸಿದ ನೀತಿ, ಅನುಮೋದನೆಯಿಲ್ಲದ ಇಂಥ ಉಪಕರಣಗಳಿಂದ ದೂರವಿರಲು ಹೇಳಿರುವುದಕ್ಕೆ ಗೋಪ್ಯತೆಯ ಭಯವೂ ಒಂದು ಕಾರಣ. ಮುಂದೆ ಬಳಸುವುದಾದರೆ ಹೆಸರು, ಊರು, ಸರ್ವೆ ನಂಬರುಗಳನ್ನು ತೆಗೆದೇ ಬಳಸಿ.

ಮೆಮೊಗೆ ನಾಲ್ಕು ಸಾಲು ಸಾಕು: ಲಿಖಿತ ವಾದದ ಇಂಥ ಪುಟದ ಇಂಥ ಉಲ್ಲೇಖವನ್ನು ಪರಿಶೀಲಿಸಿದಾಗ ಅಂಥ ತೀರ್ಪು ಕಂಡುಬಂದಿಲ್ಲ, ಅದು ಎಐ ಉಪಕರಣದಿಂದ ಬಂದದ್ದು, ಸಲ್ಲಿಸುವ ಮೊದಲು ತೆಗೆದುಹಾಕದಿದ್ದುದು ನಮ್ಮ ತಪ್ಪು, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ನ್ಯಾಯಾಲಯದ ಕ್ಷಮೆ ಕೋರುತ್ತೇವೆ. ಪ್ರತಿಯನ್ನು ಎದುರು ಪಕ್ಷದ ವಕೀಲರಿಗೂ ಕೊಡಿ. ಅದನ್ನು ಸಲ್ಲಿಸುವ ಹಿಂದಿನ ದಿನ ಆ ಹೆಣ್ಣುಮಗಳನ್ನು ಕರೆಸಿ, ಪೂರ್ತಿ ಓದಿ ಹೇಳಿ. ಅವರು ಸಿಟ್ಟಾಗಬಹುದು, ಬೇರೆ ವಕೀಲರನ್ನು ನೋಡಿಕೊಳ್ಳುತ್ತೇನೆ ಎನ್ನಬಹುದು. ಹಾಗೆಂದರೆ ತಕರಾರಿಲ್ಲದೆ ಕಡತವನ್ನು ಅವರ ಕೈಗೆ ಕೊಟ್ಟುಬಿಡಿ.